ಹೂ ಉದುರಿದ ಮೇಲೂ ಆರ್ಕಿಡ್
ಮಲೆನಾಡಿನ ಮರಗಳ ಮೇಲೆ ಮಳೆಗಾಲದ ಆರಂಭದಲ್ಲಿ ಅರಳುವ ಸೀತಾಳೆ ದಂಡೆಯನ್ನು ನೀವು ನೋಡಿರಬಹುದು. ಅದು ಬಂದಳಿಕೆಯಲ್ಲ, ಮರ ಅದಕ್ಕೆ ಆಸರೆ ಮಾತ್ರ. ಬೇರಿನ ಮೇಲಿನ ಸ್ಪಂಜಿನಂಥ ಪದರವೇ ಮಳೆನೀರನ್ನು ಹೀರಿಕೊಳ್ಳುತ್ತದೆ.

ನರ್ಸರಿಯಲ್ಲಿ ಸಿಗುವ ಫಲೆನಾಪ್ಸಿಸ್ ಆರ್ಕಿಡ್‌ನ ಬೇರೂ ಇಂಥದೇ. ಆದ್ದರಿಂದ ಅದಕ್ಕೆ ಮಣ್ಣು ಬೇಡ. ತೊಗಟೆ ಚೂರು, ಇದ್ದಿಲು ಸಾಕು. ಬೇರು ಬೆಳ್ಳಗಾದಾಗ ನೀರು ಕೊಡಿ, ಹಸಿರಾಗಿದ್ದರೆ ಕಾಯಿರಿ. ಹೂ ಉದುರಿತೆಂದು ಗಿಡವನ್ನು ಎಸೆಯಬೇಡಿ. ಕಿಟಕಿಯ ಬಳಿ ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಚಳಿಗಾಲದಲ್ಲಿ ಕೆಲವು ವಾರ 25 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಹವೆ ದೊರೆತರೆ ಹೊಸ ಹೂದಂಟು ಮೂಡುತ್ತದೆ.

ಕಾಡಿನ ಸೀತಾಳೆಯನ್ನು ಮಾತ್ರ ಕಿತ್ತು ತರಬೇಡಿ. ಧೂಳಿನಷ್ಟು ಸಣ್ಣ ಅದರ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ಶಿಲೀಂಧ್ರದ ನೆರವು ಸಿಕ್ಕರಷ್ಟೇ ಅದು ಮೊಳೆಯುತ್ತದೆ. ಕಿತ್ತ ಜಾಗ ತುಂಬಲು ವರ್ಷಗಳೇ ಬೇಕು.