ಕಾಡಿಗೆ ಮಕ್ಕಳನ್ನು ಕಳಿಸುವ ಮಾತು

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದ ಮೇಲೆ, ನಮ್ಮ ಶಾಲೆಯ ಎಂಟನೆಯ ಮತ್ತು ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ದಾಂಡೇಲಿಯ ಕಾಡಿಗೆ ಕರೆದೊಯ್ದು, ಐದು ದಿನ ಶಿಬಿರ ನಡೆಸಿಕೊಂಡು ಬಂದೆವು. ಹೋದ ನಾಲ್ವರು ಶಿಕ್ಷಕರ ಪರವಾಗಿ ಈ ಮಾತುಗಳು. ಪ್ರವಾಸದ ಕಥೆ ಹೇಳಿರೆಂದು ಅಧ್ಯಕ್ಷರ ಅಪ್ಪಣೆ. ಆದರೆ ಭಾನುವಾರದ ಸಾಯಂಕಾಲ ಇಷ್ಟು ಜನ ಬಂದು ಕುಳಿತಿರುವುದು ಬರಿಯ ಕಥೆಗಾಗಿ ಅಲ್ಲವೆಂಬುದು ನಮಗೆ ತಿಳಿದಿದೆ. ಒಂದು ತಿಂಗಳಿನಿಂದ ಪತ್ರಿಕೆಗಳ ಮೇಜಿನ ಸುತ್ತ ಇದೇ ಚರ್ಚೆ. ಬರುವ ಏಪ್ರಿಲಿನಲ್ಲಿ ಮತ್ತೆ ಹೋಗಬೇಕೆ? ಹುಲಿ ಇರುವ ಕಾಡಿಗೆ ಮಕ್ಕಳನ್ನು ಒಯ್ಯುವುದೆಂದರೇನು? ಅದರಲ್ಲಿಯೂ ಹುಡುಗಿಯರನ್ನು?

ಹುಲಿಯ ಮಾತನ್ನು ಮೊದಲು ಮುಗಿಸಿಬಿಡೋಣ. ದಾಂಡೇಲಿಯ ಕಾಡು 2007ರಿಂದ ಹುಲಿ ಸಂರಕ್ಷಿತ ಪ್ರದೇಶ; 2015ರಿಂದ ಅದಕ್ಕೆ ಕಾಳಿ ಎಂಬ ಹೊಳೆಯ ಹೆಸರು. ಹುಲಿ ಇದೆ, ಕರಿಚಿರತೆಯೂ ಇದೆ. ಐದು ದಿನದಲ್ಲಿ ನಾವು ಕಂಡದ್ದು ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆ. ಅದನ್ನು ನೋಡಿ ನಮ್ಮ ಹುಡುಗರಿಗೆ ಆದದ್ದು ಹೆದರಿಕೆಗಿಂತ ಹೆಚ್ಚಾಗಿ ನಿರಾಶೆ. ಇಲ್ಲಿಯೇ ಬೋರಿವಲಿಯಲ್ಲಿ, ಲೋಕಲ್ ಗಾಡಿಯಿಂದ ಇಳಿದು ನಡೆದು ಹೋಗುವಷ್ಟು ದೂರದಲ್ಲಿ, ಸುಮಾರು 104 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಿದೆ. ಅದರ ಒಳಗೂ ಅಂಚಿನಲ್ಲೂ ಹತ್ತಾರು ಚಿರತೆಗಳಿವೆ. ಗೋರೆಗಾಂವಿನ ಆರೆ ಕಾಲೋನಿಯಲ್ಲಿ ರಾತ್ರಿ ಸ್ಕೂಟರು ಓಡಿಸುವ ನಮ್ಮ ಸದಸ್ಯರು ದಾಂಡೇಲಿಯ ಹುಲಿಗೆ ಅಂಜುವುದನ್ನು ಕಂಡರೆ, ಹಾವಿಗೆ ಹೆದರದವನು ಹಗ್ಗಕ್ಕೆ ಹೆದರಿದಂತೆ ನಮಗೆ ತೋರುತ್ತದೆ. ಹೆದರಬೇಕಾದ ಸಂಗತಿಗಳು ಕಾಡಿನಲ್ಲಿ ಬೇರೆ ಇವೆ. ಅವನ್ನು ಮುಚ್ಚಿಡದೆ ಮುಂದೆ ಹೇಳುತ್ತೇವೆ.

ಮಕ್ಕಳನ್ನು ಬಯಲಿಗೆ ಕೊಂಡೊಯ್ದು ಡೇರೆಯಲ್ಲಿರಿಸಿ ಕಲಿಸುವ ಪದ್ಧತಿ ಹೊಸದೇನಲ್ಲ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ನಡುಗಡ್ಡೆಯಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಶಿಬಿರ ಹೂಡಿದರು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಹಿಂದೂಸ್ಥಾನದ ಮೊದಲ ಬಾಲಚರ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಇದಕ್ಕಿಂತ ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಕುರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಕರ ಕಥೆ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಬ್ರಿಟನ್ನಿಗೆ ಬಂದವರು ಅವರು. ಎರಡನೆಯ ಮಹಾಯುದ್ಧದಲ್ಲಿ ಹಡಗು ಮುಳುಗಿ ದೋಣಿಗಳಲ್ಲಿ ತೇಲುತ್ತಿದ್ದ ನಾವಿಕರಲ್ಲಿ ಗಟ್ಟಿಮುಟ್ಟಾದ ತರುಣರು ಮೊದಲು ಕೈಚೆಲ್ಲುತ್ತಿದ್ದರಂತೆ, ನಡುವಯಸ್ಸಿನವರು ಉಳಿಯುತ್ತಿದ್ದರಂತೆ. ಹೀಗೆಂದು ಹಡಗಿನ ಮಾಲಿಕರೊಬ್ಬರು ಕಂಡುಕೊಂಡರು. ತರುಣರಿಗೆ ಬಲವಿತ್ತು, ಕಷ್ಟದಲ್ಲಿ ತಾಳಿಕೊಂಡಿದ್ದ ನೆನಪು ಇರಲಿಲ್ಲ. ಇಬ್ಬರೂ ಸೇರಿ 1941ರಲ್ಲಿ ವೇಲ್ಸ್ ಪ್ರಾಂತದ ಅಬರ್‌ಡೋವಿಯಲ್ಲಿ ಹುಡುಗರಿಗೆ ಕಡಲು ಬೆಟ್ಟಗಳ ತರಬೇತಿ ತೆರೆದರು. ಇಂದು ಜಗತ್ತಿನಲ್ಲೆಲ್ಲ ನಡೆಯುವ ಸಾಹಸ ಶಿಬಿರಗಳ ಬೇರುಗಳಲ್ಲಿ ಇದೂ ಒಂದು. ನಮ್ಮ ಮಕ್ಕಳಿಗೆ ದೋಣಿಯಲ್ಲಿ ತೇಲುವ ಗತಿ ಬಾರದಿರಲಿ. ಆದರೂ ಎಂಟನೆಯ ಮಹಡಿಯಲ್ಲಿ ಲಿಫ್ಟ್ ಕೆಟ್ಟರೆ ದಿಗಿಲು ಬೀಳುವ ಮಕ್ಕಳನ್ನು ನೋಡುವಾಗ ಈ ಕಥೆ ನೆನಪಾಗುತ್ತದೆ.

ಇನ್ನು ಪ್ರಯಾಣ. ರಾತ್ರಿಯ ರೈಲು ಪುಣೆ, ಮಿರಜ, ಬೆಳಗಾವಿಗಳನ್ನು ದಾಟಿ ಲೋಂಡಾಕ್ಕೆ ತಂದಿತು, ಅಲ್ಲಿಂದ ಬಸ್ಸು. ಗಾಡಿಯಲ್ಲಿ ಮಕ್ಕಳಿಗೆ ಒಂದು ಸಂಗತಿ ಹೇಳಿದೆವು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಉತ್ತರ ಕನ್ನಡ ಜಿಲ್ಲೆ, 1956ರ ನವೆಂಬರ್ 1ರ ವರೆಗೆ ಮುಂಬಯಿಗೇ ಸೇರಿತ್ತು. ಆ ಕಾಡಿನ ಕಾಗದಪತ್ರಗಳು ಇಲ್ಲಿಯ ಕಚೇರಿಗಳಿಗೆ ಬರುತ್ತಿದ್ದವು. "ಹಾಗಾದರೆ ನಾವು ಪರವೂರಿಗೆ ಹೋಗುತ್ತಿಲ್ಲ" ಎಂದನೊಬ್ಬ. ಇತಿಹಾಸದ ತಾಸಿನಲ್ಲಿ ಇಷ್ಟು ಬೇಗ ಯಾರಿಗೂ ಪಾಠ ಹತ್ತಿದ್ದನ್ನು ನಾವು ಕಾಣೆವು.

ಇಳಿದುಕೊಂಡದ್ದು ಕುಳಗಿಯಲ್ಲಿ, ಅರಣ್ಯ ಇಲಾಖೆಯ ನಿಸರ್ಗ ಶಿಬಿರದ ಡೇರೆಗಳಲ್ಲಿ. ಮೊದಲ ಸಂಜೆಯೇ ಒಂದು ಜಗಳ. ಶಿಬಿರವೆಂದರೆ ನಡುವೆ ಬೆಂಕಿ ಹಾಕಿ ಸುತ್ತ ಕುಣಿಯುವುದೆಂದು ಸಿನಿಮಾ ನೋಡಿದ ಮಕ್ಕಳ ತಿಳುವಳಿಕೆ. ಏಪ್ರಿಲ್ ಕಾಡಿನ ಬೆಂಕಿಯ ಕಾಲ; ನೆಲದ ಮೇಲೆ ಮೊಣಕಾಲಿನವರೆಗೆ ಒಣಗಿದ ತರಗೆಲೆ. ಒಂದು ಕಿಡಿ ಸಾಕು. ಬೆಂಕಿ ಇಲ್ಲವೆಂದಾಗ ಮುಖಗಳು ಸಪ್ಪಗಾದವು; ಮೊಬೈಲಿಗೆ ಸಂಕೇತ ಸಿಗದೆಂದು ತಿಳಿದಾಗ ಇನ್ನೂ ಸಪ್ಪಗಾದವು. ಕಡೆಗೆ ಎಲ್ಲರನ್ನೂ ಬಯಲಲ್ಲಿ ಕೂರಿಸಿ, ಇದ್ದ ಒಂದೆರಡು ದೀಪಗಳನ್ನೂ ಆರಿಸಿದೆವು. ಮುಂಬಯಿಯ ಮಕ್ಕಳು ಕತ್ತಲನ್ನೇ ನೋಡಿಲ್ಲ, ಮಹನೀಯರೇ. ನಮ್ಮ ಊರಿನ ರಾತ್ರಿ ಕಿತ್ತಳೆಯ ಬಣ್ಣದ್ದು. ಅಲ್ಲಿ ಒಬ್ಬಳು ತನ್ನ ಕೈಯನ್ನು ಮುಖದ ಮುಂದೆ ಹಿಡಿದು "ಕಾಣಿಸುವುದಿಲ್ಲ ಬಾಯಿಯವರೇ!" ಎಂದು ಕೂಗಿದಳು. ಕಾಲು ಗಂಟೆ ಕಳೆದ ಮೇಲೆ ಕಣ್ಣು ಹೊಂದಿಕೊಂಡು ನಕ್ಷತ್ರಗಳು ಕಾಣತೊಡಗಿದವು, ಆಮೇಲೆ ಮರಗಳ ಆಕಾರ. ಎತ್ತರದ ಒಂದು ಮರದಿಂದ ಇನ್ನೊಂದಕ್ಕೆ ಕರವಸ್ತ್ರದಷ್ಟು ನೆರಳೊಂದು ಜಾರಿಹೋಯಿತು. ಹಾರುವ ಅಳಿಲು. ಯಾರೂ ಉಸಿರೆತ್ತಲಿಲ್ಲ. ಬೆಂಕಿಯ ಮಾತು ಮತ್ತೆ ಬರಲಿಲ್ಲ.

ನಮ್ಮೊಡನೆ ಇಲಾಖೆಯ ಮಾರ್ಗದರ್ಶಿ ಇದ್ದರು, ಕುಣಬಿ ಜನಾಂಗದ ಹಿರಿಯರು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಇಲ್ಲಿಯ ನಮ್ಮ ಮಕ್ಕಳ ಪಾಡೂ ಅದೇ ಅಲ್ಲವೆ? ಮೂರು ಭಾಷೆ ಬೆರೆಸಿ ಮಾತಾಡಿ, ಮೂರೂ ಕಡೆ ಬೈಸಿಕೊಳ್ಳುವವರು. ಆ ಹಿರಿಯರ ಬಾಯಲ್ಲಿ ಬೆರಕೆ ಮಾತು ಬೆರಕೆ ಎನಿಸಲಿಲ್ಲ. ಮೊಸಳೆಯ ಬೆನ್ನಿನಂತೆ ತೊಗಟೆ ಒಡೆದ ಮರವನ್ನು ತಟ್ಟಿ, "ಇದು ಮತ್ತಿ, ನಿಮ್ಮಲ್ಲಿ ಐನ ಅಂತಾರೆ. ಬೇಸಿಗೆಯಲ್ಲಿ ಕೆಲವು ಮತ್ತಿಯ ಹೊಟ್ಟೆಯಲ್ಲಿ ನೀರು ಇರ್ತದೆ ಮಕ್ಕಳೇ" ಎಂದರು. ಕಡಿದು ತೋರಿಸಿರೆಂದು ಹುಡುಗರು ದುಂಬಾಲು ಬಿದ್ದರೂ ಒಪ್ಪಲಿಲ್ಲ; ಕಾಯ್ದೆ ಹಾಗಿರಲಿ, ಬಾಯಾರದೆ ಕಡಿಯಬಾರದಂತೆ. ನಂದಿಯ ಮರವನ್ನು ಮರಾಠಿಗರು ನಾಣಾ ಎನ್ನುವುದು, ಅಂಗಡಿಯ ಕೋಕಂ ಶರಬತ್ತು ನಮ್ಮ ಮುರುಗಲಿನದೇ ಎಂಬುದು, ಎಲೆಯ ದೊನ್ನೆಯಲ್ಲಿ ರೈಲು ನಿಲ್ದಾಣದ ಹೊರಗೆ ಮಾರುವ ಕರವಂದವೇ ಅಲ್ಲಿಯ ಕವಳಿ ಹಣ್ಣು ಎಂಬುದು, ಹೀಗೆ ಒಂದೊಂದೂ ಮಕ್ಕಳಿಗೆ ಕಳೆದುಹೋದ ನೆಂಟರು ಸಿಕ್ಕಂತೆ ಆಯಿತು.

ಮಂಗಟ್ಟೆ ಹಕ್ಕಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಾಂಡೇಲಿ ಈ ಹಕ್ಕಿಗೆ ಹೆಸರಾದ ಸ್ಥಳ. ಗೂಡಿನ ಹತ್ತಿರ ಹೋಗಕೂಡದು. ಆದುದರಿಂದ ದೂರದಲ್ಲಿ, ಪೊದೆಯ ಮರೆಯಲ್ಲಿ ಕುಳಿತು ದುರ್ಬೀನಿನಿಂದ ಸರದಿಯಂತೆ ನೋಡಿದೆವು. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಒಳಗಿನಿಂದ ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಮೊಟ್ಟೆ, ಮರಿ; ರೆಕ್ಕೆಯ ಗರಿಗಳೂ ಉದುರುತ್ತವೆ. ವಾರಗಟ್ಟಲೆ ಗಂಡೊಂದೇ ಹೊರಗೆ ದುಡಿದು ತರಬೇಕು. ನಾವು ನೋಡುತ್ತಿದ್ದ ಹಾಗೆಯೇ, ದೂರದಿಂದ ಉಗಿಬಂಡಿ ಬಂದಂತೆ ರೆಕ್ಕೆಯ ಸದ್ದು ಮಾಡುತ್ತ ದೊಡ್ಡ ದಾಸ ಮಂಗಟ್ಟೆ ಬಂದು ಕುಳಿತು, ಗಂಟಲಿನಿಂದ ಒಂದೊಂದಾಗಿ ಅತ್ತಿಯ ಜಾತಿಯ ಹಣ್ಣುಗಳನ್ನು ತೆಗೆದು ಆ ಸೀಳಿನೊಳಗೆ ಕೊಟ್ಟಿತು. ನಮ್ಮ ಹುಡುಗನೊಬ್ಬನ ತಂದೆ ಹೋಟೆಲಿನಲ್ಲಿ ಕೆಲಸ. "ನಮ್ಮಪ್ಪನೂ ರಾತ್ರಿ ಹೀಗೆಯೇ ಕಟ್ಟಿಸಿಕೊಂಡು ಬರುತ್ತಾರೆ" ಎಂದ. ಎಲ್ಲರೂ ನಕ್ಕರು. ಆಮೇಲೆ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಒಂದು ದಿನ ಗಂಡು ಬರದೇ ಹೋದರೆ?" ಮಾರ್ಗದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಾಯಿ ಬಾಗಿಲು ಒಡೆದು ಬಂದರೂ ಬಂದೀತು ತಂಗಿ. ಮರಿಗಳು ಉಳಿಯೋದು ಕಷ್ಟ." ಪೊಟರೆಯಾಗುವಷ್ಟು ವಯಸ್ಸಾದ ಮರವನ್ನು ಒಣಗಿತೆಂದು ಏಕೆ ಕಡಿಯಬಾರದು, ಮಂಗಟ್ಟೆ ಹಾರಾಡುತ್ತ ಬೀಜ ಚೆಲ್ಲದಿದ್ದರೆ ಯಾವ ಮರಗಳಿಗೆ ಸಂತಾನ ಕಡಿಮೆಯಾದೀತು ಎಂಬುದನ್ನು ಆ ಮಧ್ಯಾಹ್ನ ನಾವು ಬೇರೆ ಕಲಿಸಬೇಕಾಗಿ ಬರಲಿಲ್ಲ; ಪ್ರಶ್ನೆಗಳು ಅವರಿಂದಲೇ ಬಂದವು.

ಈಗ ಹೆದರಬೇಕಾದ ಸಂಗತಿಗಳು. ಮೊದಲನೆಯದು ನೀರು. ಕಾಳಿ ನೋಡಲಿಕ್ಕೆ ಶಾಂತ. ಆದರೆ ಮೇಲೆ ಸೂಪಾದಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಇದೆ. ವಿದ್ಯುದಾಗಾರದಿಂದ ನೀರು ಬಿಟ್ಟಾಗ, ಮಳೆಯ ಹನಿ ಬೀಳದ ದಿನವೂ ಹೊಳೆ ಏರುತ್ತದೆ. ದಾಂಡೇಲಿ ಪಟ್ಟಣದ ಆಸುಪಾಸಿನ ಮಡುಗಳಲ್ಲಿ ಮೊಸಳೆಗಳಿವೆ. ಶಾಲೆಗಳ ಪ್ರವಾಸದಲ್ಲಿ ಮಕ್ಕಳು ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಓದಿ ನೋಡಿರಿ: ಕೆರೆ, ಹೊಳೆ, ಸಮುದ್ರ, ಇಲ್ಲವೆ ರಸ್ತೆ, ಹುಲಿಯ ಹೆಸರು ಬಹಳ ಅಪರೂಪ. ತೆಪ್ಪದಲ್ಲಿ ಕೂರಿಸುವ ಒಬ್ಬ ವ್ಯವಸ್ಥಾಪಕರು, ತೇಲುವ ಅಂಗಿಗಳು ನಾಲ್ಕು ಕಡಿಮೆ ಬಿದ್ದಾಗ, "ದೊಡ್ಡ ಹುಡುಗರಿಗೆ ಬೇಡ ಬಿಡಿ, ಈಜು ಬರುತ್ತದಲ್ಲ" ಎಂದರು. ಹಣ ಕೊಟ್ಟಾಗಿತ್ತು. ನಾವು ಯಾರನ್ನೂ ಹತ್ತಿಸದೆ ಹಿಂದಕ್ಕೆ ಬಂದೆವು. ಹುಡುಗರು ಆ ಸಂಜೆಯೆಲ್ಲ ನಮ್ಮೊಡನೆ ಮಾತು ಬಿಟ್ಟಿದ್ದರು, ಬಿಡಲಿ. ಅದರ ಬದಲು ಮಾರನೆಯ ದಿನ ನೆಲದಿಂದ ಎರಡಾಳೆತ್ತರದಲ್ಲಿ ಕಟ್ಟಿದ ಹಗ್ಗದ ಸೇತುವೆಯ ಮೇಲೆ, ಸೊಂಟಕ್ಕೆ ಪಟ್ಟಿ ಬಿಗಿದು ಎಲ್ಲರನ್ನೂ ನಡೆಸಿದೆವು.

ಎರಡನೆಯದು ಉಣ್ಣೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಈ ಸಣ್ಣ ಹುಳುವಿನಿಂದ ಹರಡುವಂಥದು. ಉತ್ತರ ಕನ್ನಡದಲ್ಲಿಯೂ ಉಂಟು, ಬೇಸಿಗೆಯ ತಿಂಗಳುಗಳಲ್ಲಿಯೂ ಉಂಟು. ಹೊರಡುವ ಮುಂಚೆ ಆ ಭಾಗದಲ್ಲಿ ಕಾಯಿಲೆ ಇದೆಯೇ ಎಂದು ಆರೋಗ್ಯ ಇಲಾಖೆಯನ್ನು ವಿಚಾರಿಸಬೇಕು, ಇದ್ದರೆ ಹೋಗಬಾರದು. ಇಲ್ಲದಿದ್ದರೂ ತುಂಬುತೋಳಿನ ಅಂಗಿ, ಪಾಯಿಜಾಮದ ತುದಿ ಕಾಲುಚೀಲದೊಳಗೆ, ಮೈಗೆ ಹುಳು ಹತ್ತದ ಮುಲಾಮು, ಸಂಜೆ ಬಿಸಿನೀರಿನ ಸ್ನಾನ. ಸತ್ತ ಮಂಗವನ್ನು ಕಂಡರೆ ದೂರ ಸರಿದು ಇಲಾಖೆಗೆ ತಿಳಿಸಬೇಕು. ಮರಳಿ ಬಂದ ಎರಡು ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಮೊದಲು ಹೇಳಬೇಕು. ಮುಂಬಯಿಯ ಡಾಕ್ಟರಿಗೆ ಅದು ತಾನಾಗಿ ಹೊಳೆಯಲಾರದು.

ಹಾವಿನ ಬಗ್ಗೆ ಎರಡೇ ಮಾತು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಆದುದರಿಂದ ಮಂಚ, ಸೊಳ್ಳೆಪರದೆ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ. ಪ್ರತಿವಿಷ ಎಲ್ಲಿ ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ಕೇಳಿಟ್ಟುಕೊಂಡು, ರಾತ್ರಿಯೆಲ್ಲ ಒಂದು ವಾಹನವನ್ನು ಶಿಬಿರದಲ್ಲಿಯೇ ನಿಲ್ಲಿಸಿಕೊಂಡಿದ್ದೆವು.

ಹುಡುಗಿಯರ ಮಾತು ಉಳಿಯಿತು. ಇಬ್ಬರು ಶಿಕ್ಷಕಿಯರು ಜೊತೆಗಿದ್ದರು; ಹುಡುಗಿಯರ ಡೇರೆಗಳು ಅವರ ಡೇರೆಯ ಎರಡು ಪಕ್ಕಕ್ಕೆ; ಸ್ನಾನದ ಮನೆಗಳು ಬೇರೆ, ಬಾಗಿಲು ಚಿಲಕ ಗಟ್ಟಿಯಾಗಿದ್ದವು. ತಾಯಂದಿರು ಪಿಸುಮಾತಿನಲ್ಲಿ ಕೇಳುವ ಇನ್ನೊಂದು ಪ್ರಶ್ನೆಗೂ ವ್ಯವಸ್ಥೆ ಇತ್ತು. ಇಬ್ಬರಿಗೆ ಅದರ ಅಗತ್ಯ ಬಿದ್ದಿತು, ಇಬ್ಬರೂ ಮಾರನೆಯ ದಿನ ನಡಿಗೆಗೆ ಬಂದರು. ಹಗ್ಗದ ಸೇತುವೆಯನ್ನು ಮೊದಲು ದಾಟಿದವಳು, ಇಲ್ಲಿ ಹಾಲಿನ ಬೂತಿಗೆ ತಮ್ಮನನ್ನು ಜೊತೆ ಮಾಡಿ ಕಳಿಸಲ್ಪಡುವ ಹುಡುಗಿ. ತಮ್ಮನಿಗೆ ಏಳು ವರ್ಷ.

ಬಾರದೇ ಉಳಿದ ಒಬ್ಬಳಿದ್ದಾಳೆ. ಹೆಸರು ಬೇಡ. ಹೋದ ಚಳಿಗಾಲವೆಲ್ಲ, ಶಾಲೆ ಬಿಟ್ಟ ಮೇಲೆ ಇದೇ ವಾಚನಾಲಯದ ಕಿಟಕಿಯ ಪಕ್ಕ ಕುಳಿತು, ಕಪಾಟಿನಲ್ಲಿದ್ದ ಕನ್ನಡ ಪುಸ್ತಕಗಳಿಂದ ಮರ ಹಕ್ಕಿಗಳ ಹೆಸರುಗಳನ್ನು ತೆಗೆದು ಪಟ್ಟಿ ಮಾಡಿದವಳು ಅವಳು. ಗ್ರಂಥಪಾಲಕರಿಗೆ ನೆನಪಿರಬಹುದು. ಹಣವನ್ನೂ ಕಟ್ಟಿದ್ದರು, ಕಡೆಯ ವಾರ ಮನೆಯಲ್ಲಿ ಒಪ್ಪಲಿಲ್ಲ. ಪಟ್ಟಿಯ ಪ್ರತಿಗಳನ್ನು ಗೆಳತಿಯರ ಕೈಗೆ ಕೊಟ್ಟು, ನೋಡಿದ್ದಕ್ಕೆ ಗುರುತು ಹಾಕಿ ತನ್ನಿರೆಂದು ಹೇಳಿ, ನಿಲ್ದಾಣಕ್ಕೂ ಬಂದು ಕೈಬೀಸಿ ಹೋದಳು. ಸಂರಕ್ಷಿತ ಕಾಡಿನಿಂದ ಒಂದು ಎಲೆಯನ್ನೂ ತರುವಂತಿಲ್ಲ. ಆದುದರಿಂದ ಗುರುತು ಹಾಕಿದ ಪಟ್ಟಿಗಳನ್ನಷ್ಟೇ ಅವಳಿಗೆ ತಂದುಕೊಟ್ಟರು. ಈಗ ಅವಳು ಒಂಬತ್ತನೆಯದರಲ್ಲಿದ್ದಾಳೆ. ಬರುವ ಏಪ್ರಿಲ್ ಕಳೆದರೆ ಹತ್ತನೆಯದು, ಟ್ಯೂಷನ್ನು, ಬೋರ್ಡಿನ ಪರೀಕ್ಷೆ. ಶಾಲೆಯ ಶಿಬಿರಕ್ಕೆ ಮತ್ತೆ ಅವಕಾಶವಿಲ್ಲ. ಅವಳ ಮನೆಯವರು ಇಂದು ಸಭೆಯಲ್ಲಿದ್ದಾರೆಯೇ ಎಂದು ನಾವು ನೋಡಲು ಹೋಗುವುದಿಲ್ಲ. ಅವರ ಭಯ ಸುಳ್ಳೆಂದೂ ಹೇಳುವುದಿಲ್ಲ. ಆ ಭಯಕ್ಕೆ ಉತ್ತರವೆಂದು ನಮ್ಮ ಹತ್ತಿರ ಇರುವುದನ್ನೆಲ್ಲ ಈಗ ನಿಮ್ಮ ಮುಂದೆ ಇಟ್ಟಿದ್ದೇವೆ.

ಅವಳ ಪಟ್ಟಿಯ ಒಂದು ಪ್ರತಿಯನ್ನು ಗೆಳತಿಯರ ಗುರುತುಗಳ ಸಮೇತ ಬಾಗಿಲ ಬಳಿಯ ಹಲಗೆಗೆ ಅಂಟಿಸಿದೆ, ಹೋಗುವಾಗ ನೋಡಬಹುದು. ಒಪ್ಪಿಗೆಯ ಪತ್ರಗಳು ಗ್ರಂಥಪಾಲಕರ ಮೇಜಿನ ಮೇಲಿವೆ, ಜನವರಿಯ ಕೊನೆಯೊಳಗೆ ತುಂಬಿ ಕೊಡಬೇಕು. ಮಕ್ಕಳೊಡನೆ ಒಬ್ಬ ತಾಯಿ, ಒಬ್ಬ ತಂದೆ ಬರುವುದಾದರೆ ನಮಗೆ ಸಂತೋಷ, ಖರ್ಚು ಅವರದೇ. ಪ್ರಶ್ನೆಗಳಿದ್ದರೆ ಈಗಲೇ ಕೇಳಬಹುದು. ಚಹಾ ಬರಲು ಇನ್ನೂ ಹತ್ತು ನಿಮಿಷವಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.