ಗುದ್ದಲಿ ಮುಟ್ಟದ ಕೈತೋಟ



ಯುಗಾದಿಯ ಹೊತ್ತಿಗೆ ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೊನ್ನಾರು ಕಟ್ಟುವ ಪದ್ಧತಿಯುಂಟು. ಎತ್ತುಗಳನ್ನು ಸಿಂಗರಿಸಿ, ನೇಗಿಲಿಗೆ ಪೂಜೆ ಸಲ್ಲಿಸಿ, ವರ್ಷದ ಮೊದಲ ಸಾಲು ಹೊಡೆಯುತ್ತಾರೆ. 1970ರ ದಶಕದ ಭೂಸುಧಾರಣೆಯ ಕಾಲದಲ್ಲಿ ಊರೂರಲ್ಲಿ ಕೇಳಿಬಂದ ಘೋಷಣೆಯೂ ‘ಉಳುವವನೇ ಹೊಲದೊಡೆಯ’ ಎಂದು. ಬಿತ್ತುವವನು ಎಂದಲ್ಲ, ಬೆಳೆಯುವವನು ಎಂದೂ ಅಲ್ಲ. ಮಣ್ಣನ್ನು ಮಗುಚದೆ ಬೆಳೆಯಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾದದ್ದು. ಹೀಗಿರುವಾಗ ಗುದ್ದಲಿ ಮುಟ್ಟದೆ, ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ತರಕಾರಿ ಸಿಪ್ಪೆಗಳನ್ನು ಪದರ ಪದರವಾಗಿ ಹಾಸಿ ಅದರ ಮೇಲೆ ಬದನೆ, ಟೊಮೆಟೊ ಬೆಳೆಯಬಹುದು ಎಂದರೆ ಸೋಮಾರಿಗಳ ಕನಸೆಂದು ನಗುವವರೇ ಹೆಚ್ಚು. ಆದರೆ ಈ ಕನಸಿಗೂ ಒಂದು ಚರಿತ್ರೆಯಿದೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ರೆಡಿಂಗ್ ಎಂಬ ಊರಿನಲ್ಲಿ ರೂತ್ ಸ್ಟೌಟ್ ಎಂಬ ಮಹಿಳೆಯಿದ್ದರು. ಪತ್ತೇದಾರಿ ಕಾದಂಬರಿಕಾರ ರೆಕ್ಸ್ ಸ್ಟೌಟ್‌ನ ಅಕ್ಕ, ಹುಟ್ಟಿದ್ದು 1884ರಲ್ಲಿ. ಪ್ರತಿ ವಸಂತದಲ್ಲೂ ತೋಟ ಉಳುವವನು ಬರಲೆಂದು ಕಾಯುವುದೇ ಆಕೆಗೆ ಒಂದು ಕೆಲಸವಾಗಿತ್ತು. 1944ರಲ್ಲಿ, ಅರುವತ್ತರ ಅಂಚಿನಲ್ಲಿದ್ದಾಗ, ಕಾದು ಬೇಸತ್ತ ಆಕೆಯ ಕಣ್ಣು ತೋಟದ ಆಸ್ಪರಾಗಸ್ ಗಿಡಗಳ ಮೇಲೆ ಬಿತ್ತು. ಅದು ಶತಾವರಿಯ ಜಾತಿಗೆ ಸೇರಿದ ತರಕಾರಿ; ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಅದರ ಬುಡವನ್ನು ಯಾರೂ ಉಳುವುದಿಲ್ಲ. ಆದರೂ ಅದು ಸೊಂಪಾಗಿ ಚಿಗುರಿತ್ತು. ಉಳಿದ ತರಕಾರಿಗೆ ಮಾತ್ರ ಉಳುಮೆ ಏಕೆ ಬೇಕು? ಆ ವರ್ಷ ಆಕೆ ಉಳದೆಯೇ ಬಿತ್ತಿದರು. ಆಮೇಲೆ ಇಡೀ ತೋಟಕ್ಕೆ ಒಣಹುಲ್ಲಿನ ದಪ್ಪ ಹೊದಿಕೆ ಹಾಸತೊಡಗಿದರು. ಸೊಂಟ ನೋವಿಲ್ಲದ ತೋಟಗಾರಿಕೆಯನ್ನು ಕುರಿತ ಆಕೆಯ ಪುಸ್ತಕ 1955ರಲ್ಲಿ ಪ್ರಕಟವಾಯಿತು. 1980ರಲ್ಲಿ ತೀರಿಕೊಂಡಾಗ ಆಕೆಗೆ 96 ವರ್ಷ.

ಮನೆಯ ರದ್ದಿ ಕಾಗದ ಈ ಕಥೆಯೊಳಗೆ ಮುಖ್ಯವಾಗಿ ಬಂದದ್ದು ಆಸ್ಟ್ರೇಲಿಯದಲ್ಲಿ. ಸಿಡ್ನಿಯ ಎಸ್ತರ್ ಡೀನ್ಸ್ ಎಂಬಾಕೆ 1970ರ ದಶಕದಲ್ಲಿ ಹುಲ್ಲಿನ ಮೇಲೆಯೇ ಕಾಲು ಅಂಗುಲ ದಪ್ಪಕ್ಕೆ ಪತ್ರಿಕೆ ಹಾಸಿ, ಅದರ ಮೇಲೆ ಕುದುರೆಮಸಾಲೆ ಮೇವಿನ ಒಣಹುಲ್ಲು, ಸ್ವಲ್ಪ ಗೊಬ್ಬರ, ಬಳಿಕ ಸಡಿಲವಾದ ಒಣಹುಲ್ಲು, ತುದಿಯಲ್ಲಿ ಬೀಜ ಊರಲು ಒಂದಿಷ್ಟು ಕಾಂಪೋಸ್ಟ್ ಎಂದು ಕ್ರಮ ಹಾಕಿಕೊಟ್ಟರು. 1977ರಲ್ಲಿ ಅದು ಪುಸ್ತಕವಾಯಿತು. ಇಂದು ಜಗತ್ತಿನ ಬೇರೆ ಬೇರೆ ಕಡೆ ‘ಅಗೆಯದ ತೋಟ’ ಎನ್ನುವವರಲ್ಲಿ ಹೆಚ್ಚಿನವರು ಅನುಸರಿಸುವುದು ಇದರದೇ ಒಂದಲ್ಲ ಒಂದು ರೂಪವನ್ನು.

ಇದರಲ್ಲಿ ಪವಾಡವೇನೂ ಇಲ್ಲ. ಅಗೆಯುವ ಕೆಲಸ ನಿಲ್ಲುವುದಿಲ್ಲ, ಕೆಲಸಗಾರ ಬದಲಾಗುತ್ತಾನೆ ಅಷ್ಟೆ. ಎರೆಹುಳುಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಒಂದು ಪುಸ್ತಕವನ್ನೇ ಬರೆದ. ನೇಗಿಲು ಹುಟ್ಟುವ ಎಷ್ಟೋ ಮೊದಲೇ ನೆಲವನ್ನು ಉಳುತ್ತಿದ್ದದ್ದು ಈ ಹುಳುಗಳು ಎಂಬುದು ಅವನ ನಿರ್ಣಯ. ಕಾಗದ ಹಾಸಿದಾಗ ಕೆಳಗಿನ ಹುಲ್ಲಿಗೆ ಬೆಳಕು ಸಿಗದೆ ಅದು ಸಾಯುತ್ತದೆ, ಸತ್ತು ಗೊಬ್ಬರವಾಗುತ್ತದೆ. ತೇವ ಮತ್ತು ಕತ್ತಲೆ ಇದ್ದಲ್ಲಿಗೆ ಎರೆಹುಳು ಬರುತ್ತದೆ, ನೆನೆದ ಕಾಗದವನ್ನು ತಿನ್ನುತ್ತದೆ, ಕೆಳಗಿನ ಗಟ್ಟಿ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ನೆಲ ಅಗೆದಾಗಲಾದರೋ ಆಳದಲ್ಲಿ ಮಲಗಿದ್ದ ಕಳೆಬೀಜಗಳು ಬೆಳಕಿಗೆ ಬಂದು ಮೊಳೆಯುತ್ತವೆ. ಕಳೆ ತೆಗೆಯಲು ಅಗೆದು ಹೊಸ ಕಳೆ ಎಬ್ಬಿಸಿದ ಅನುಭವ ತೋಟ ಮಾಡಿದ ಯಾರಿಗೂ ಹೊಸದಲ್ಲ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ವಿಚಾರ ಹೊಸದೆನಿಸಲಾರದು. ಉತ್ತರ ಕನ್ನಡದ ತೋಟಿಗರು ಸೊಪ್ಪಿನಬೆಟ್ಟದಿಂದ ಹಸಿಸೊಪ್ಪು, ದರಕು ತಂದು ಮರದ ಬುಡಕ್ಕೆ ಹಾಸುತ್ತ ಬಂದಿದ್ದಾರೆ. ಅದಕ್ಕೆಂದೇ ಬೆಟ್ಟದ ಮೇಲೆ ಹಕ್ಕು ಪಡೆದಿದ್ದಾರೆ. ಆದರೆ ತರಕಾರಿ ಪಾತಿಗೆ ಬಂದೊಡನೆ ಅದೇ ಕೈ ಗುದ್ದಲಿ ಹುಡುಕುವುದು ಕುತೂಹಲದ ಸಂಗತಿ.

ಆದರೂ ಸಿಡ್ನಿಯ ಕ್ರಮವನ್ನು ಇಲ್ಲಿ ಹಾಗೆಯೇ ಇಳಿಸುವುದು ಸರಿಯಲ್ಲ. ಹುಲ್ಲು ಇಲ್ಲಿ ದನದ ಬಾಯಿಗೆ ಸೇರಬೇಕಾದದ್ದು. ಬರಗಾಲದಲ್ಲಿ ಮೇವಿಗಾಗಿ ಗೋಶಾಲೆ ತೆರೆಯುವ ನಾಡಿನಲ್ಲಿ ಅದನ್ನು ಪಾತಿಗೆ ಸುರಿಯುವುದು ದುಂದು. ಅದರ ಬದಲಿಗೆ ನಗರದ ಬೀದಿಗಳಲ್ಲಿ ದಿನವೂ ಗುಡಿಸಿ ಬೆಂಕಿಯಿಡುವ ತರಗೆಲೆಯಿದೆ. ಕಬ್ಬಿನಹಾಲಿನ ಅಂಗಡಿಯ ಸಿಪ್ಪೆಯಿದೆ, ತೆಂಗಿನ ನಾರಿದೆ. ಇನ್ನು ಅಡಿಗೆಮನೆಯ ಕಸ. ಬೆಂಗಳೂರಿನ ಕಸ ಸುರಿಸಿಕೊಂಡು ಮಾವಳ್ಳಿಪುರದ, ಮಂಡೂರಿನ ಜನ ಪಟ್ಟ ಪಾಡು, 2012 ಮತ್ತು 2014ರಲ್ಲಿ ಅವರು ಲಾರಿಗಳನ್ನು ತಡೆದು ನಿಲ್ಲಿಸಿದ್ದು ಎಲ್ಲರ ನೆನಪಿನಲ್ಲಿದೆ. ಮನೆಗಳಿಂದ ಹೋಗುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆಯುವಂಥದು. ಎರಡು ಪಾತಿ ಜಾಗವಿರುವ ಮನೆಯ ಸಿಪ್ಪೆ, ಚಹದ ಚರಟ ಇನ್ನೊಂದು ಊರಿನ ಕೆರೆ ಬಾವಿಗಳನ್ನು ಕೆಡಿಸಲು ಹೋಗಬೇಕಾಗಿಯೇ ಇಲ್ಲ.

ಪಾತಿ ಮಾಡಲು ಮಳೆಗಾಲಕ್ಕೆ ಮುಂಚಿನ ದಿನಗಳು ಒಳ್ಳೆಯವು. ಅಗಲ ನಾಲ್ಕು ಅಡಿ ಮೀರಬಾರದು. ಎರಡೂ ಬದಿಯಿಂದ ಕೈ ಎಟುಕಬೇಕು, ಪಾತಿಯೊಳಗೆ ಕಾಲಿಡಬಾರದು. ಹುಲ್ಲನ್ನು ಕೀಳದೆ ಬುಡಕ್ಕೆ ಸವರಿ ನೆಲವನ್ನು ಚೆನ್ನಾಗಿ ನೆನೆಸಬೇಕು. ಅದರ ಮೇಲೆ ರಟ್ಟು ಅಥವಾ ಎಂಟು ಹತ್ತು ಹಾಳೆ ದಪ್ಪದ ಪತ್ರಿಕೆಯನ್ನು ಒಂದರ ಅಂಚಿನ ಮೇಲೆ ಇನ್ನೊಂದು ಅರ್ಧ ಅಡಿ ಬರುವಂತೆ ಹಾಸಿ ಮತ್ತೆ ನೆನೆಸಬೇಕು. ರಟ್ಟಿಗೆ ಅಂಟಿದ ಪ್ಲಾಸ್ಟಿಕ್ ಪಟ್ಟಿ, ತಂತಿಯ ಪಿನ್ನು ಕಿತ್ತುಹಾಕಬೇಕು. ನುಣುಪು ಕಾಗದ, ಬಣ್ಣ ತುಂಬಿದ ಪುಟ ಬೇಡ. ಪುರವಣಿಗಳನ್ನು ಓದಿ ಬದಿಗಿಡುವುದೇ ಲೇಸು! ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿದ್ದು ಮಸಿಯ ಕಾರಣದಿಂದಲೇ. ಅಚ್ಚಿಲ್ಲದ ಕಂದು ರಟ್ಟು ಸಿಕ್ಕರೆ ಎಲ್ಲಕ್ಕಿಂತ ಉತ್ತಮ.

ಕಾಗದದ ಮೇಲೆ ಹಸಿ ಸಿಪ್ಪೆ, ಸೊಪ್ಪು, ಅದರ ಮೇಲೆ ಕೊಟ್ಟಿಗೆ ಗೊಬ್ಬರ, ಮೇಲೆ ತರಗೆಲೆ. ಹೀಗೆಯೇ ಒಂದೂವರೆ ಅಡಿಯಷ್ಟು ಏರಿಸಬೇಕು. ಗೊಬ್ಬರದಲ್ಲಿ ಜಿಪುಣತನ ಮಾಡಿದರೆ ಕಾಗದ, ತರಗು ಕೊಳೆಯುವಾಗ ಸಾರಜನಕವನ್ನು ಅವೇ ಹೀರಿಕೊಂಡು ಗಿಡ ಹಳದಿಗೆ ತಿರುಗುತ್ತದೆ. ಎಂಜಲನ್ನ, ಮಾಂಸ ಹಾಕಿದರೆ ಹೆಗ್ಗಣ ಕರೆದಂತೆ.

ಗೆದ್ದಲಿನ ಪ್ರಶ್ನೆಯನ್ನು ಸಿಡ್ನಿಯ ಪುಸ್ತಕ ಓದಿ ಬಗೆಹರಿಸಲಾಗದು. ಒಣ ರಟ್ಟು ಗೆದ್ದಲಿಗೆ ಹಬ್ಬ. ಪಾತಿ ಮನೆಗೋಡೆಗೆ, ಮರದ ಬಾಗಿಲಿಗೆ ತಾಗದೆ ದೂರವಿರಬೇಕು, ಒಣಗಲು ಬಿಡಬಾರದು. ಮಳೆಗಾಲದಲ್ಲಿ ಹೊದಿಕೆಯಡಿ ಬಸವನಹುಳು ಸೇರುತ್ತದೆ. ಸಂಜೆ ಆರಿಸಿ ತೆಗೆಯುವುದೇ ದಾರಿ. ಜೇಕಿನ ಗೆಡ್ಡೆಯಂತೂ ಪತ್ರಿಕೆಯನ್ನು ಸೂಜಿಯಂತೆ ತೂತು ಮಾಡಿಕೊಂಡು ಏಳುತ್ತದೆ. ಅಂಥ ನೆಲಕ್ಕೆ ಎರಡು ಮೂರು ಪದರ ರಟ್ಟೇ ಬೇಕು, ಅಷ್ಟಾದರೂ ಪೂರ್ತಿ ನಂಬುವಂತಿಲ್ಲ.

ಮೊದಲ ಬೆಳೆಯಲ್ಲಿ ಮೂಲಂಗಿ, ಗಜ್ಜರಿ ಬೇಡ. ಕೊಳೆಯದ ಪದರಗಳಲ್ಲಿ ಅವು ಕವಲೊಡೆಯುತ್ತವೆ. ಹೊದಿಕೆಯಲ್ಲಿ ಬೊಗಸೆಯಷ್ಟು ಗುಳಿ ಬಿಡಿಸಿ, ಹುಡಿಗೊಬ್ಬರ ತುಂಬಿ, ಟೊಮೆಟೊ, ಬದನೆ ಸಸಿ ನೆಡಬಹುದು. ಸಿಹಿಗುಂಬಳ, ಅವರೆ ಬೀಜ ಊರಬಹುದು. ಕೆಲವು ತಿಂಗಳಲ್ಲಿ ಪಾತಿ ಅರ್ಧಕ್ಕೆ ಕುಸಿಯುತ್ತದೆ. ಆಗ ಮೇಲೆ ಮತ್ತೆ ತರಗು, ಗೊಬ್ಬರ ಹರಡಬೇಕು. ಎರಡನೆಯ ವರ್ಷ ಕೆದಕಿ ನೋಡಿದರೆ ರಟ್ಟು ಇದ್ದ ಜಾಗದಲ್ಲಿ ಕಪ್ಪು ಮಣ್ಣು, ಅದರಲ್ಲಿ ಎರೆಹುಳುವಿನ ಹಿಕ್ಕೆ ಕಾಣುತ್ತದೆ. ಮೂಲಂಗಿ ಹಾಕಲು ಅಡ್ಡಿಯಿಲ್ಲ.