ಉಲ್ಲೇಖಗಳ ಜೀವಿತಾವಧಿ: ರಸ್ಟ್ ಭಾಷೆಯ ಒಂದು ಪರಿಕಲ್ಪನೆ ಮತ್ತು ಅದರ ಬೋಧನೆ



ಗಣಕವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸುವಾಗ, ಪಾರಿಭಾಷಿಕ ಪದವೊಂದು ದೊರೆತೊಡನೆ ಪರಿಕಲ್ಪನೆಯೂ ದಕ್ಕಿತೆಂಬ ಭಾವನೆ ಮೂಡುವುದುಂಟು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಲೈಫ್‌ಟೈಮ್’ ಇದಕ್ಕೆ ತಕ್ಕ ನಿದರ್ಶನ. ಅದನ್ನು ‘ಜೀವಿತಾವಧಿ’ ಎಂದು ಕನ್ನಡಿಸುವುದು ಸುಲಭ. ಆದರೆ ಯಾವುದರ ಜೀವಿತ, ಅವಧಿಯನ್ನು ಅಳೆಯುವವರು ಯಾರು, ಅದನ್ನು ಬರೆದು ತೋರಿಸುವುದರಿಂದ ಸಾಧಿಸುವುದೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಆ ಪದವು ವಿದ್ಯಾರ್ಥಿಯ ಕೈಗೆ ಉಪಕರಣವಾಗಲಾರದು. ಗಡಿನಾಡಿನ ಕನ್ನಡ ಶಾಲೆಯ ಮಗು ಮುಂದೆ ಈ ವಿಷಯವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಆಗ ತಾಯ್ನುಡಿಯಲ್ಲಿ ಅರಿತ ತರ್ಕವೇ ಅದಕ್ಕೆ ಊರುಗೋಲು.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡಬೇಕು. ಪ್ರೋಗ್ರಾಮು ಬಳಸುವ ಪ್ರತಿಯೊಂದು ಮೌಲ್ಯಕ್ಕೂ ಗಣಕದ ಮೆಮೊರಿಯಲ್ಲಿ ಒಂದು ಜಾಗವಿರುತ್ತದೆ. ಆ ಜಾಗದ ವಿಳಾಸವನ್ನು ಹಿಡಿದಿರುವುದು ಉಲ್ಲೇಖ. ಮನೆಯನ್ನು ಕೆಡವಿದ ಮೇಲೂ ಅದರ ವಿಳಾಸದ ಚೀಟಿ ಯಾರದೋ ಜೇಬಿನಲ್ಲಿ ಉಳಿಯಬಹುದು. ಆ ನಿವೇಶನದಲ್ಲಿ ಬೇರೊಬ್ಬರು ಮನೆ ಕಟ್ಟಿಕೊಂಡಿದ್ದರೆ, ಚೀಟಿ ಹಿಡಿದು ಹೋದವನು ಅಪರಿಚಿತರ ಬಾಗಿಲು ತಟ್ಟುತ್ತಾನೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಇಂತಹ ಹಳೆಯ ಚೀಟಿಗಳನ್ನು ಗಮನಿಸುವ ಹೊಣೆ ಪೂರ್ತಿಯಾಗಿ ಪ್ರೋಗ್ರಾಮು ಬರೆಯುವವನದು. ಅವನು ಒಮ್ಮೆ ಮರೆತರೆ ಪ್ರೋಗ್ರಾಮು ಕುಸಿಯಬಹುದು, ಇಲ್ಲವೇ ದುರುದ್ದೇಶಿಗಳಿಗೆ ದಾರಿ ತೆರೆಯಬಹುದು. ತನ್ನ ತಂತ್ರಾಂಶಗಳಲ್ಲಿ ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಯ ಬಳಕೆಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ ಸಂಸ್ಥೆಯು 2019ರಲ್ಲಿ ತಿಳಿಸಿತು.

ಜಾವಾ, ಪೈಥಾನ್ ಮೊದಲಾದ ಭಾಷೆಗಳು ಪ್ರೋಗ್ರಾಮು ನಡೆಯುತ್ತಿರುವಾಗಲೇ ಮೆಮೊರಿಯ ಮೇಲ್ವಿಚಾರಣೆ ಮಾಡುವ ವ್ಯವಸ್ಥೆಯನ್ನು ಇಟ್ಟುಕೊಂಡಿವೆ. ಅದಕ್ಕೆ ಸಮಯವೂ ಜಾಗವೂ ವೆಚ್ಚವಾಗುತ್ತವೆ. ಗ್ರೇಡನ್ ಹೋರ್ ಅವರು 2006ರಲ್ಲಿ ಆರಂಭಿಸಿ, ಬಳಿಕ ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದು, 2015ರ ಮೇ 15ರಂದು 1.0 ಆವೃತ್ತಿಯಾಗಿ ಹೊರಬಂದ ರಸ್ಟ್ ಭಾಷೆಯು ಬೇರೆ ಮಾರ್ಗ ಹಿಡಿಯಿತು. ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರೇ ಈ ಪರಿಶೀಲನೆಯನ್ನು ಮುಂಚಿತವಾಗಿ ಮುಗಿಸುತ್ತದೆ. 2022ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 6.1 ಆವೃತ್ತಿಯಿಂದ ಆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿಯೂ ಈ ಭಾಷೆಗೆ ಎಡೆ ದೊರೆತಿದೆ.

ರಸ್ಟ್ ಭಾಷೆಯಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಬ್ಬನೇ ಒಡೆಯ. ಒಡೆಯನಾದ ಚರವು ತನ್ನ ಬ್ಲಾಕಿನ ಕೊನೆಯನ್ನು ಮುಟ್ಟಿದಾಗ ಮೌಲ್ಯವೂ ಅಳಿಯುತ್ತದೆ. ಉಲ್ಲೇಖವು ಎರವಲು ಮಾತ್ರ, ಅದಕ್ಕೆ ಒಡೆತನವಿಲ್ಲ. ಆದ್ದರಿಂದ ಮೂಲನಿಯಮ ಒಂದೇ: ಎರವಲಿನ ಅವಧಿಯು ಮೌಲ್ಯದ ಅವಧಿಯೊಳಗೆ ಅಡಗಿರಬೇಕು.

ಇದನ್ನು ಗಣಕವಿಲ್ಲದ ತರಗತಿಯಲ್ಲಿಯೂ ಕಪ್ಪುಹಲಗೆಯ ಮೇಲೆ ತೋರಿಸಬಹುದು. ಹತ್ತು ಸಾಲುಗಳ ಒಂದು ಪ್ರೋಗ್ರಾಮನ್ನು ಕಲ್ಪಿಸಿಕೊಂಡು, 1ರಿಂದ 10ರವರೆಗಿನ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಬೇಕು. ಮೌಲ್ಯವು 3ನೆಯ ಸಾಲಿನಲ್ಲಿ ಹುಟ್ಟಿ 6ನೆಯ ಸಾಲಿನಲ್ಲಿ ಅಳಿಯುವುದಾದರೆ ಎಡಗಡೆ ಅಷ್ಟುದ್ದದ ಗೆರೆ ಎಳೆಯಬೇಕು. ಉಲ್ಲೇಖವನ್ನು 4ನೆಯ ಸಾಲಿನಲ್ಲಿ ಪಡೆದು 8ನೆಯ ಸಾಲಿನಲ್ಲಿ ಕೊನೆಯ ಬಾರಿ ಬಳಸಿದರೆ ಬಲಗಡೆ ಅದರ ಗೆರೆ. ಬಲದ ಗೆರೆ ಎಡದ ಗೆರೆಯನ್ನು ಮೀರಿ ಕೆಳಗಿಳಿದಿರುವುದು ಮಕ್ಕಳ ಕಣ್ಣಿಗೇ ಕಾಣುತ್ತದೆ. ಕಂಪೈಲರು ಕೊಡುವ 0597ನೆಯ ದೋಷಸೂಚನೆಯ ಅರ್ಥವೂ ಇದೇ: ಎರವಲು ಕೊಟ್ಟ ಮೌಲ್ಯ ಬೇಕಾದಷ್ಟು ಕಾಲ ಬಾಳುವುದಿಲ್ಲ. ಕೊನೆಯ ಬಳಕೆಯನ್ನು 5ನೆಯ ಸಾಲಿಗೆ ತಂದರೆ ದೋಷವಿಲ್ಲ. ಉಲ್ಲೇಖವನ್ನು ಬ್ಲಾಕಿನ ಕೊನೆಯವರೆಗೂ ಜೀವಂತವೆಂದು ಎಣಿಸುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಕೊನೆಯ ಬಳಕೆಯವರೆಗೆ ಮಾತ್ರ ಎಣಿಸುವ ಪದ್ಧತಿಯು 2018ರ ಆವೃತ್ತಿಯೊಡನೆ ಬಂದಿತು.

ಇಷ್ಟನ್ನು ಕಂಪೈಲರು ತಾನೇ ಲೆಕ್ಕಹಾಕುತ್ತದೆ. ಬರೆಯುವವರು ಬಾಯಿಬಿಟ್ಟು ಹೇಳಬೇಕಾದ ಸಂದರ್ಭ ಮುಖ್ಯವಾಗಿ ಫಂಕ್ಷನುಗಳಲ್ಲಿ ಬರುತ್ತದೆ. ಎರಡು ಊರುಗಳ ಹೆಸರುಗಳನ್ನು ಎರವಲು ಪಡೆದು, ಅಕಾರಾದಿಯಲ್ಲಿ ಮೊದಲು ಬರುವ ಹೆಸರಿನ ಉಲ್ಲೇಖವನ್ನು ಹಿಂದಿರುಗಿಸುವ ಫಂಕ್ಷನೊಂದನ್ನು ಊಹಿಸಬಹುದು. ಹಿಂದಿರುಗಿದ್ದು ಯಾವ ಹೆಸರಿನ ಎರವಲು? ಪ್ರೋಗ್ರಾಮು ನಡೆಯುವವರೆಗೆ ಅದು ತಿಳಿಯದು. ಆದ್ದರಿಂದ ಎರಡು ಒಳಬರುವ ಉಲ್ಲೇಖಗಳಿಗೂ ಹೊರಹೋಗುವ ಉಲ್ಲೇಖಕ್ಕೂ ‘ಟಿಕ್ ಎ’ ಎಂದು ಓದಲಾಗುವ ಒಂದೇ ಗುರುತನ್ನು ಹಚ್ಚುತ್ತಾರೆ. ಎರಡು ಮೂಲಗಳೂ ಜೀವಂತವಾಗಿರುವವರೆಗೆ, ಅಂದರೆ ಮೊದಲು ಅಳಿಯುವುದರ ಅವಧಿಯವರೆಗೆ ಮಾತ್ರ ಫಲಿತವನ್ನು ನಂಬಬಹುದು ಎಂಬುದು ಇದರ ತಾತ್ಪರ್ಯ.

ಬಳಕೆದಾರನಿಂದ ಓದಿಕೊಂಡ ‘ಅಕ್ಕಲಕೋಟೆ’ ಎಂಬ ಹೆಸರು ಹೊರಗಿನ ಬ್ಲಾಕಿನಲ್ಲಿಯೂ ಹಾಗೆಯೇ ಓದಿಕೊಂಡ ‘ಸೊಲ್ಲಾಪುರ’ ಒಳಗಿನ ಬ್ಲಾಕಿನಲ್ಲಿಯೂ ಇದೆಯೆನ್ನೋಣ. ಒಳಬ್ಲಾಕು ಮುಗಿದ ಮೇಲೆ ಫಲಿತವನ್ನು ಬಳಸಿದರೆ ಕಂಪೈಲರು ಒಪ್ಪುವುದಿಲ್ಲ. ಫಲಿತ ‘ಅಕ್ಕಲಕೋಟೆ’ಯೇ ಆಗಿ ಅದು ಇನ್ನೂ ಉಳಿದಿದ್ದರೂ ಒಪ್ಪುವುದಿಲ್ಲ. ಕರೆದ ಕಡೆಯಲ್ಲಿ ಅದು ನೋಡುವುದು ಫಂಕ್ಷನಿನ ತಲೆಸಾಲಿನ ಒಪ್ಪಂದವನ್ನು, ಒಳಗಿನ ಲೆಕ್ಕಾಚಾರವನ್ನಲ್ಲ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಗುರುತು ಹಚ್ಚಿದರೆ ಮೌಲ್ಯದ ಆಯುಸ್ಸು ಹೆಚ್ಚುತ್ತದೆಂದು ಅವರು ಭಾವಿಸುತ್ತಾರೆ. ‘ಜೀವಿತಾವಧಿಯನ್ನು ಕೊಡುವುದು’ ಎಂಬ ನುಡಿಗಟ್ಟು ಆ ತಪ್ಪಿಗೆ ಇಂಬುಕೊಡುತ್ತದೆ. ಬಾಡಿಗೆಯ ಕರಾರುಪತ್ರವು ಮನೆಯ ಗೋಡೆಯನ್ನು ಗಟ್ಟಿಮಾಡುವುದಿಲ್ಲ. ಗುರುತು ಸಂಬಂಧವನ್ನು ಹೇಳುತ್ತದೆ, ಕಂಪೈಲರು ಅದನ್ನು ಪರೀಕ್ಷಿಸುತ್ತದೆ, ಬಳಿಕ ಸಿದ್ಧವಾದ ಯಂತ್ರಭಾಷೆಯಲ್ಲಿ ಅದರ ಸುಳಿವೂ ಉಳಿಯುವುದಿಲ್ಲ. ಆದುದರಿಂದ ತರಗತಿಯಲ್ಲಿ ‘ಜೀವಿತಾವಧಿಯನ್ನು ಸೂಚಿಸುವುದು’ ಎನ್ನುವುದು ಲೇಸು. ಪ್ರೋಗ್ರಾಮು ನಡೆಯುವಷ್ಟು ಕಾಲವೂ ಬಾಳುವುದನ್ನು ಸೂಚಿಸುವ ‘ಸ್ಟ್ಯಾಟಿಕ್’ ಗುರುತನ್ನು ದೋಷಸೂಚನೆಯ ಬಾಯಿ ಮುಚ್ಚಿಸಲು ಹಚ್ಚುವ ಅಭ್ಯಾಸವನ್ನೂ ಮೊದಲಿಗೇ ತಿದ್ದಬೇಕು.

ನಿಜವಾದ ಪರಿಹಾರಗಳು ಮೂರು: ಮೌಲ್ಯವನ್ನು ಹೊರಗಿನ ಬ್ಲಾಕಿಗೆ ತಂದು ಹೆಚ್ಚು ಕಾಲ ಉಳಿಸುವುದು, ಉಲ್ಲೇಖದ ಬಳಕೆಯನ್ನು ಬೇಗ ಮುಗಿಸುವುದು, ಅಥವಾ ಎರವಲು ಬಿಟ್ಟು ಸ್ವಂತ ಪ್ರತಿಯನ್ನು ಮಾಡಿಕೊಳ್ಳುವುದು. ಹಲಗೆಯ ಎರಡು ಗೆರೆಗಳನ್ನು ನೋಡಿ, ಈ ಮೂರರಲ್ಲಿ ಯಾವುದು ತಕ್ಕದ್ದೆಂದು ಕಾರಣಸಹಿತ ತನ್ನ ಮಾತಿನಲ್ಲಿ ಹೇಳಬಲ್ಲ ವಿದ್ಯಾರ್ಥಿಗೆ ಮುಂದೆ ಇಂಗ್ಲಿಷಿನ ದೋಷಸೂಚನೆ ಎದುರಾದಾಗ ಹೊಸದಾಗಿ ಕಲಿಯಬೇಕಾದುದು ಪದಗಳಷ್ಟೆ.